ಶಾಲೆ ಬಿಟ್ಟ ಮೇಲಿನ ಎರಡು ಗಂಟೆ: ಮಕ್ಕಳ ಸ್ವಂತ ಕೆಲಸಕ್ಕೊಂದು ಕೋಣೆ ತೆರೆಯುವವರಿಗೆ

ಪ್ರಶ್ನೆ: ನಮ್ಮದು ಹಾವೇರಿ ಜಿಲ್ಲೆಯ ಒಂದು ಹಳ್ಳಿ. ಊರಿನ ಹಳೆಯ ಸಮುದಾಯ ಭವನದ ಕೋಣೆಯೊಂದರಲ್ಲಿ, ಐದನೆಯ ತರಗತಿಯಿಂದ ಪಿಯುಸಿವರೆಗಿನ ಮಕ್ಕಳು ಸಂಜೆ ಬಂದು ತಮಗೆ ಬೇಕಾದುದನ್ನು ತಾವೇ ಮಾಡಿ ನೋಡುವಂಥ ಕೇಂದ್ರ ತೆರೆಯಬೇಕೆಂದು ನಮ್ಮ ಯುವಕ ಸಂಘ ನಿರ್ಧರಿಸಿದೆ. ದಾನಿಯೊಬ್ಬರು ಎರಡು ಲಕ್ಷ ರೂಪಾಯಿ ಕೊಡಲು ಒಪ್ಪಿದ್ದಾರೆ. ಅದರಲ್ಲಿ ತ್ರೀಡಿ ಪ್ರಿಂಟರ್, ಎಂದರೆ ಕಂಪ್ಯೂಟರಿನಲ್ಲಿ ಮಾಡಿದ ವಿನ್ಯಾಸದಂತೆ ವಸ್ತುವನ್ನು ಪದರ ಪದರವಾಗಿ ಕಟ್ಟುವ ಯಂತ್ರ, ಕೊಳ್ಳಬೇಕೆಂಬುದು ಅವರ ಆಸೆ. ಪಾಲಕರು ಮಾತ್ರ ಟ್ಯೂಷನ್ ನಡೆಸಿ ಎನ್ನುತ್ತಿದ್ದಾರೆ. ಪಠ್ಯಕ್ರಮವಿಲ್ಲದೆ ಮಕ್ಕಳು ನಿಜಕ್ಕೂ ಕಲಿಯುತ್ತಾರೆಯೇ ಅಥವಾ ಕಂಪ್ಯೂಟರಿನಲ್ಲಿ ಆಟವಾಡಿ ಮನೆಗೆ ಹೋಗುತ್ತಾರೆಯೇ? ಹೆಣ್ಣುಮಕ್ಕಳು ಬರುವಂತೆ ಮಾಡುವುದು ಹೇಗೆ? ಶುಲ್ಕ ಪಡೆಯಬಹುದೇ?

ಉತ್ತರ: ಮೊದಲು ಹಣದ ವಿಷಯವನ್ನೇ ಹೇಳಿಬಿಡುತ್ತೇನೆ. ಮೊದಲ ವರ್ಷ ತ್ರೀಡಿ ಪ್ರಿಂಟರ್ ಕೊಳ್ಳಬೇಡಿ. ದಾನಿಗಳ ಮನಸ್ಸು ನೋಯದಂತೆ ಅವರಿಗೆ ಇದನ್ನು ತಿಳಿಸಿ, ಆ ಹಣದ ಅರ್ಧಕ್ಕಿಂತ ಹೆಚ್ಚಿನ ಪಾಲನ್ನು ಪ್ರತಿದಿನ ಸಂಜೆ ಎರಡು ಗಂಟೆ ಆ ಕೋಣೆಯಲ್ಲಿ ಮಕ್ಕಳ ಜೊತೆ ಇರಬಲ್ಲ ಒಬ್ಬ ವ್ಯಕ್ತಿಯ ಗೌರವಧನಕ್ಕೆ ಮೀಸಲಿಡಲು ಒಪ್ಪಿಸಿ. ಇಂಥ ಕೇಂದ್ರಗಳು ನಿಲ್ಲುವುದೂ ಬೀಳುವುದೂ ಯಂತ್ರದಿಂದಲ್ಲ; ಮಗುವಿಗೆ ಅಡ್ಡಿ ಎದುರಾದ ಗಳಿಗೆಯಲ್ಲಿ ಪಕ್ಕದಲ್ಲಿ ಯಾರಿದ್ದರು, ಅವರು ಏನು ಮಾಡಿದರು ಮತ್ತು ಏನು ಮಾಡದೆ ಸುಮ್ಮನಿದ್ದರು ಎಂಬುದರಿಂದ. ನಿಮ್ಮ ಉಳಿದ ಪ್ರಶ್ನೆಗಳಿಗೆ ನಾನು ಕೊಡುವ ಉತ್ತರಗಳೂ ಬಹುಮಟ್ಟಿಗೆ ಇದರಿಂದಲೇ ಹೊರಡುತ್ತವೆ.

ಈ ಬಗೆಯ ಕೇಂದ್ರಗಳಲ್ಲಿ ಬಹಳ ಕಾಲದಿಂದ ನಡೆದುಬಂದಿರುವ ಮತ್ತು ಚೆನ್ನಾಗಿ ದಾಖಲಾಗಿರುವ ಒಂದು ಪ್ರಯೋಗ ಅಮೆರಿಕದ ಬಾಸ್ಟನ್ ನಗರದ ಕಂಪ್ಯೂಟರ್ ಕ್ಲಬ್‌ಹೌಸ್. ಅದು ಹುಟ್ಟಿದ ರೀತಿ ನಿಮ್ಮಂಥವರು ತಿಳಿದಿರಬೇಕಾದದ್ದು. 1989ರ ಡಿಸೆಂಬರ್ ರಜೆಯಲ್ಲಿ ಅಲ್ಲಿನ ಕಂಪ್ಯೂಟರ್ ಮ್ಯೂಸಿಯಂ ಮಕ್ಕಳಿಗಾಗಿ ಒಂದು ಕಾರ್ಯಾಗಾರ ನಡೆಸಿತು; ಲೆಗೊ ತುಂಡುಗಳಿಂದ ಯಂತ್ರ ಕಟ್ಟಿ, ಲೋಗೊ ಎಂಬ ಮಕ್ಕಳ ಪ್ರೋಗ್ರಾಮಿಂಗ್ ಭಾಷೆಯಿಂದ ಅದನ್ನು ಚಲಿಸುವಂತೆ ಮಾಡುವುದು ಅಲ್ಲಿನ ಚಟುವಟಿಕೆ. ಸುತ್ತಲಿನ ಪ್ರದೇಶದ ಕೆಲವು ಮಕ್ಕಳು ಅದರಲ್ಲಿ ಮನಸಾರೆ ತೊಡಗಿದರು. ರಜೆ ಮುಗಿಯಿತು, ಕಾರ್ಯಾಗಾರವೂ ಮುಗಿಯಿತು. ಆದರೆ ಮಕ್ಕಳ ಆಸೆ ಮುಗಿಯಲಿಲ್ಲ. ಅವರು ಮತ್ತೆ ಬಂದು ಕೇಳಿದರು, ಮ್ಯೂಸಿಯಂನಲ್ಲಿ ಅವರಿಗೆ ಕೊಡಲು ಏನೂ ಇರಲಿಲ್ಲ. ಕೊನೆಗೆ ಮಕ್ಕಳು ಕದ್ದು ಒಳಗೆ ನುಸುಳುತ್ತಿದ್ದಾರೆ, ಎಚ್ಚರವಿರಲಿ ಎಂಬ ಸೂಚನೆ ಸಿಬ್ಬಂದಿಗೆ ಹೋಯಿತು. ಇದನ್ನು ಕಂಡ ಮ್ಯೂಸಿಯಂನ ನಟಾಲಿ ರಸ್ಕ್ ಮತ್ತು ಸ್ಟೀನಾ ಕುಕ್, ಎಂಐಟಿ ಎಂಬ ತಂತ್ರಜ್ಞಾನ ವಿಶ್ವವಿದ್ಯಾಲಯದ ಮೀಡಿಯಾ ಲ್ಯಾಬ್‌ನ ಮಿಚೆಲ್ ರೆಸ್ನಿಕ್ ಜೊತೆಗೂಡಿ 1993ರಲ್ಲಿ ಮೊದಲ ಕ್ಲಬ್‌ಹೌಸ್ ತೆರೆದರು. 10ರಿಂದ 18 ವರ್ಷದವರಿಗೆ ಪ್ರವೇಶ. ಶುಲ್ಕವಿಲ್ಲ, ಹಾಜರಿ ಕಡ್ಡಾಯವಲ್ಲ, ಪರೀಕ್ಷೆಯಿಲ್ಲ. 2000ದಿಂದ ಇಂಟೆಲ್ ಕಂಪನಿಯ ನೆರವಿನಿಂದ ಅದು ಬೇರೆ ಬೇರೆ ದೇಶಗಳಿಗೆ ಹರಡಿತು.

ಇದನ್ನು ಇಷ್ಟು ವಿವರವಾಗಿ ಹೇಳಿದ್ದಕ್ಕೆ ಕಾರಣವಿದೆ. ನಮ್ಮಲ್ಲಿಯೂ ಒಂದು ದಿನದ, ಒಂದು ವಾರದ ಶಿಬಿರಗಳಿಗೆ ಕೊರತೆಯಿಲ್ಲ. ಬೇಸಿಗೆ ಶಿಬಿರದಲ್ಲಿ ಮಗು ಒಂದು ಪುಟ್ಟ ಗಾಡಿ ಮಾಡುತ್ತದೆ, ಫೋಟೊ ತೆಗೆಸಿಕೊಳ್ಳುತ್ತದೆ, ಪ್ರಮಾಣಪತ್ರ ಹಿಡಿದು ಮನೆಗೆ ಹೋಗುತ್ತದೆ. ಆ ಗಾಡಿ ಎಡಕ್ಕೇ ಏಕೆ ಎಳೆಯುತ್ತಿತ್ತು ಎಂಬ ಪ್ರಶ್ನೆ ಅದರ ತಲೆಯಲ್ಲಿ ಹುಟ್ಟುವ ಹೊತ್ತಿಗೆ ಶಿಬಿರದ ಬಾಗಿಲು ಮುಚ್ಚಿರುತ್ತದೆ. ನಿಮ್ಮ ಕೋಣೆಯ ಮುಖ್ಯ ಬೆಲೆ ಅದು ನಾಳೆಯೂ ತೆರೆದಿರುತ್ತದೆ ಎಂಬುದರಲ್ಲಿದೆ. ಆದ್ದರಿಂದ ವಾರದಲ್ಲಿ ಒಂದೇ ದಿನ ನಾಲ್ಕು ಗಂಟೆ ತೆರೆಯುವುದಕ್ಕಿಂತ ನಾಲ್ಕು ದಿನ ಒಂದೊಂದು ಗಂಟೆ ತೆರೆಯುವುದು ಮೇಲು. ಎರಡೆರಡು ಗಂಟೆಯಾದರೆ ಇನ್ನೂ ಒಳ್ಳೆಯದು. ಕೋಣೆಯೊಳಗೆ ಮೊದಲು ಮಾಡಿಸಬೇಕಾದದ್ದು, ಮಕ್ಕಳು ಅರ್ಧಕ್ಕೆ ಬಿಟ್ಟ ಕೆಲಸವನ್ನು ಹೆಸರು ಬರೆದಿಟ್ಟು ಹೋಗಲು ಒಂದು ಕಪಾಟು. ಮುಗಿಯದ ಕೆಲಸಕ್ಕೆ ಜಾಗವಿಲ್ಲದಿದ್ದರೆ ಪ್ರತಿ ಸಂಜೆಯೂ ಮೊದಲಿನಿಂದ ಆರಂಭವಾಗುತ್ತದೆ, ಮತ್ತು ಒಂದು ಸಂಜೆಯಲ್ಲಿ ಮುಗಿಯುವಂಥದ್ದನ್ನು ಮಾತ್ರ ಮಕ್ಕಳು ಆರಿಸಿಕೊಳ್ಳತೊಡಗುತ್ತಾರೆ.

ಈಗ ತ್ರೀಡಿ ಪ್ರಿಂಟರಿನ ಮಾತು. ಶಿಕ್ಷಣ ಸಂಶೋಧಕ ಪಾವ್ಲೊ ಬ್ಲಿಕ್‌ಸ್ಟೈನ್ 2013ರಲ್ಲಿ ಪ್ರಕಟಿಸಿದ ಬರಹವೊಂದರಲ್ಲಿ ಒಂದು ಅನುಭವವನ್ನು ದಾಖಲಿಸಿದ್ದಾರೆ. ಬೆಳಕಿನ ಕಿರಣದಿಂದ ವಸ್ತುಗಳನ್ನು ಕತ್ತರಿಸುವ ಲೇಸರ್ ಕಟರ್ ಬಳಸಿ ಕೀಚೈನ್ ಮಾಡುವುದನ್ನು ಮಕ್ಕಳಿಗೆ ತೋರಿಸಲಾಯಿತು. ಮಕ್ಕಳಿಗೆ ಅದು ಎಷ್ಟು ಹಿಡಿಸಿತೆಂದರೆ ಮುಂದೆ ಅವರು ಕೀಚೈನುಗಳನ್ನೇ ಮಾಡುತ್ತ ಹೋದರು. ಹೆಚ್ಚು ಕಷ್ಟದ ಕೆಲಸಗಳತ್ತ ಅವರನ್ನು ಒಯ್ಯುವುದೇ ಸಾಹಸವಾಯಿತು. ಯಂತ್ರ ಅಂಗಡಿಯ ವಸ್ತುವಿನಷ್ಟು ನಯವಾದುದನ್ನು ಕ್ಷಣದಲ್ಲಿ ಕೊಡುತ್ತದೆ, ಎಲ್ಲರೂ ಹೊಗಳುತ್ತಾರೆ, ಶ್ರಮ ಕಡಿಮೆ; ಹೀಗಿರುವಾಗ ಮಗು ತಾನಾಗಿ ಬೇರೆ ದಾರಿ ಏಕೆ ಹುಡುಕಬೇಕು? ತ್ರೀಡಿ ಪ್ರಿಂಟರಿನಲ್ಲಿಯೂ ಇದೇ ಆಗುತ್ತದೆ. ಯಾರೋ ಸಿದ್ಧಪಡಿಸಿ ಇಂಟರ್ನೆಟ್ಟಿನಲ್ಲಿ ಇಟ್ಟ ಮಾದರಿಯನ್ನು ಇಳಿಸಿಕೊಂಡು ಅಚ್ಚು ಹಾಕುವುದಷ್ಟೇ ನಡೆಯುತ್ತದೆ. ಇದರ ಜೊತೆಗೆ ಒಂದು ಸಣ್ಣ ವಸ್ತುವಿಗೂ ಅದು ಗಂಟೆಗಟ್ಟಲೆ ತೆಗೆದುಕೊಳ್ಳುತ್ತದೆ, ನಡುವೆ ಕರೆಂಟ್ ಹೋದರೆ ಅನೇಕ ಬಾರಿ ಆ ಅಚ್ಚು ಕೆಡುತ್ತದೆ, ಮತ್ತು ಒಂದು ಹೊತ್ತಿಗೆ ಒಬ್ಬರ ಕೆಲಸ ಮಾತ್ರ ಸಾಗುತ್ತದೆ. ಇಪ್ಪತ್ತು ಮಕ್ಕಳಿರುವ ಕೋಣೆಯಲ್ಲಿ ಹತ್ತೊಂಬತ್ತು ಮಕ್ಕಳು ನೋಡುತ್ತ ನಿಲ್ಲುವಂಥ ಯಂತ್ರ ಮೊದಲ ಯಂತ್ರವಾಗಬಾರದು. ಎರಡನೆಯ ವರ್ಷ, ತಾನೇ ವಿನ್ಯಾಸ ಮಾಡಿದ ಒಂದು ಭಾಗ ಬೇಕೆಂದು ಮಗುವೊಂದು ಕೇಳಿದಾಗ ಕೊಳ್ಳುವ ವಿಚಾರ ಮಾಡಿ.

ಮೊದಲ ವರ್ಷಕ್ಕೆ ಬೇಕಾದವು ಹೆಚ್ಚಿನಂಶ ನಿಮ್ಮ ಊರಿನಲ್ಲೇ ಸಿಗುತ್ತವೆ: ರಟ್ಟಿನ ಪೆಟ್ಟಿಗೆಗಳು, ಬಿದಿರು, ಬಡಿಗೇರರ ಮನೆಯ ಕಟ್ಟಿಗೆಯ ತುಂಡುಗಳು, ಸೈಕಲ್ಲಿನ ಹಳೆಯ ಟ್ಯೂಬ್, ದರ್ಜಿಯ ಅಂಗಡಿಯಲ್ಲಿ ಉಳಿದ ಬಟ್ಟೆ, ಜೇಡಿಮಣ್ಣು, ಕೆಟ್ಟ ಆಟಿಕೆಗಳ ಮೋಟಾರು. ಕೊಳ್ಳಬೇಕಾದವು ಒಳ್ಳೆಯ ಕತ್ತರಿ, ಗರಗಸ, ಕೈ ಡ್ರಿಲ್, ಸ್ಕ್ರೂಡ್ರೈವರುಗಳು, ಎರಡು ಸೋಲ್ಡರಿಂಗ್ ಐರನ್, ಒಂದು ಮಲ್ಟಿಮೀಟರ್, ಒಂದು ಹೊಲಿಗೆ ಯಂತ್ರ, ಬಳಸಿದ್ದಾದರೂ ಸರಿ ಎನ್ನುವಂಥ ಮೂರು ನಾಲ್ಕು ಕಂಪ್ಯೂಟರುಗಳು. ಹೊಲಿಗೆ ಯಂತ್ರವನ್ನು ಬಿಡಬೇಡಿ. ಅಳತೆ, ಕೋನ, ಮಡಿಕೆ, ಚಪ್ಪಟೆಯಾದುದರಿಂದ ಉಬ್ಬಿದ ಆಕಾರ ತೆಗೆಯುವ ಲೆಕ್ಕ, ಇವೆಲ್ಲ ಅದರಲ್ಲಿ ಯಾವ ವಿಜ್ಞಾನ ಕಿಟ್ಟಿಗೂ ಕಡಿಮೆಯಿಲ್ಲದಂತೆ ಇವೆ.

ಸುರಕ್ಷತೆಯ ವಿಷಯದಲ್ಲಿ ಮಾತ್ರ ಯಾವ ಸಡಿಲಿಕೆಯೂ ಬೇಡ. ಹಳೆಯ ಉಪಕರಣಗಳನ್ನು ಬಿಚ್ಚುವುದು ಮಕ್ಕಳಿಗೆ ಬಹಳ ಪ್ರಿಯವಾದ ಕೆಲಸ, ಮತ್ತು ಅದರಿಂದ ಅವರು ಕಲಿಯುವುದೂ ಬಹಳ. ಆದರೆ ಮೈಕ್ರೋವೇವ್ ಓವನ್ ಮತ್ತು ಹಿಂದಿನ ಕಾಲದ ದಪ್ಪ ಟಿವಿಗಳನ್ನು ಕೋಣೆಯೊಳಗೆ ತರಲೇಬೇಡಿ. ಪ್ಲಗ್ ತೆಗೆದ ಮೇಲೂ ಅವುಗಳೊಳಗೆ ಪ್ರಾಣಾಪಾಯ ಉಂಟುಮಾಡುವಷ್ಟು ವಿದ್ಯುತ್ತು ಉಳಿದಿರಬಹುದು. ಉಬ್ಬಿದ ಮೊಬೈಲ್ ಬ್ಯಾಟರಿಯನ್ನು ಯಾರೂ ಮುಟ್ಟಬಾರದು, ಚುಚ್ಚಬಾರದು. ಮಕ್ಕಳ ಸರ್ಕಿಟ್ಟುಗಳೆಲ್ಲ ಸಾಮಾನ್ಯ ಬ್ಯಾಟರಿ ಸೆಲ್ಲಿನ ಮೇಲೇ ನಡೆಯಲಿ, ಗೋಡೆಯ 230 ವೋಲ್ಟ್ ಅವುಗಳ ಹತ್ತಿರ ಸುಳಿಯುವುದು ಬೇಡ. ಬೋರ್ಡಿಗೆ, ವಿದ್ಯುತ್ತು ಸೋರಿದ ಕೂಡಲೇ ಕರೆಂಟ್ ಕಡಿಯುವ ಒಂದು ಆರ್‌ಸಿಸಿಬಿ ಹಾಕಿಸಿ. ಸೋಲ್ಡರಿಂಗ್ ಕಿಟಕಿಯ ಪಕ್ಕದಲ್ಲಿ, ದೊಡ್ಡವರ ಎದುರಿನಲ್ಲಿ, ಕಣ್ಣಿನ ರಕ್ಷಣೆಯ ಕನ್ನಡಕ ಹಾಕಿಕೊಂಡೇ ನಡೆಯಲಿ.

ನಿಮ್ಮ ಪ್ರಶ್ನೆಗಳಲ್ಲಿ ಕಠಿಣವಾದದ್ದು, ಪಠ್ಯಕ್ರಮವಿಲ್ಲದೆ ಕಲಿಯುತ್ತಾರೆಯೇ ಎಂಬುದು. ಇದಕ್ಕೆ ಕೇವಲ ನಂಬಿಕೆಯ ಉತ್ತರ ಕೊಡಬೇಕಾಗಿಲ್ಲ. ಕ್ಲಬ್‌ಹೌಸುಗಳಲ್ಲಿ ಮಕ್ಕಳಿಗೆ ಹೊಂದುವ ಪ್ರೋಗ್ರಾಮಿಂಗ್ ಸಾಧನವಿಲ್ಲ ಎಂಬ ಕೊರತೆಯನ್ನು ಕಂಡೇ ರೆಸ್ನಿಕ್ ಅವರ ತಂಡ ಸ್ಕ್ರ್ಯಾಚ್ ಎಂಬ ತಂತ್ರಾಂಶವನ್ನು ರೂಪಿಸಿ 2007ರಲ್ಲಿ ಎಲ್ಲರಿಗೂ ಉಚಿತವಾಗಿ ಬಿಡುಗಡೆ ಮಾಡಿತು. ಸಾರ್ವಜನಿಕ ಬಿಡುಗಡೆಗೂ ಮೊದಲೇ ಅದನ್ನು ಲಾಸ್ ಏಂಜಲೀಸ್ ನಗರದ ಬಡ ಬಡಾವಣೆಯೊಂದರ ಕ್ಲಬ್‌ಹೌಸಿನಲ್ಲಿ ಮಕ್ಕಳು ಬಳಸತೊಡಗಿದ್ದರು. ಅಲ್ಲಿ ಪ್ರೋಗ್ರಾಮಿಂಗ್ ಪಾಠ ಮಾಡುವವರಿರಲಿಲ್ಲ, ಅಲ್ಲಿದ್ದ ದೊಡ್ಡವರಿಗೂ ಆ ವಿದ್ಯೆಯಲ್ಲಿ ಪರಿಣತಿಯಿರಲಿಲ್ಲ. 18 ತಿಂಗಳಲ್ಲಿ ಮಕ್ಕಳು ಮಾಡಿದ 536 ಪ್ರಾಜೆಕ್ಟುಗಳನ್ನು ಸಂಶೋಧಕರು ಪರಿಶೀಲಿಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಪ್ರೋಗ್ರಾಮ್ ಬರೆದಿದ್ದ ಪ್ರಾಜೆಕ್ಟುಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಲೂಪ್ ಇತ್ತು, ಎಂದರೆ ಒಂದೇ ಕ್ರಿಯೆಯನ್ನು ಮತ್ತೆ ಮತ್ತೆ ಮಾಡಿಸುವ ರಚನೆ. ಸುಮಾರು ಕಾಲು ಭಾಗದಲ್ಲಿ, ಹೀಗಾದರೆ ಹೀಗೆ ಮಾಡು ಎಂಬ ಷರತ್ತಿನ ರಚನೆ ಇತ್ತು. ಯಾರೂ ಹೇಳಿಕೊಡದೆ, ಯಾರ ಒತ್ತಾಯವೂ ಇಲ್ಲದೆ ಮಕ್ಕಳು ಇಷ್ಟು ದೂರ ಬಂದಿದ್ದರು ಎಂಬುದು ಸಣ್ಣ ಸಂಗತಿಯಲ್ಲ.

ಆದರೆ ಅದೇ ಅಧ್ಯಯನದಲ್ಲಿ ಇನ್ನೊಂದು ಅಂಶವಿದೆ. ಉತ್ಸಾಹಿಗಳು ಅದನ್ನು ಸಾಮಾನ್ಯವಾಗಿ ಹೇಳದೆ ಬಿಡುತ್ತಾರೆ. ವೇರಿಯಬಲ್ ಅನ್ನು, ಎಂದರೆ ಅಂಕದಂಥ ಬದಲಾಗುವ ಬೆಲೆಯನ್ನು ನೆನಪಿಟ್ಟುಕೊಳ್ಳುವ ಸಾಧನವನ್ನು ಬಳಸಿದ್ದು ಹತ್ತರಲ್ಲಿ ಒಂದು ಪ್ರಾಜೆಕ್ಟಿನಲ್ಲಿ ಮಾತ್ರ. ಕೆಲವು ವಿಚಾರಗಳನ್ನು ಮಗು ಮುಟ್ಟಿ, ಕೆಡವಿ, ಗೆಳೆಯನನ್ನು ನೋಡಿ ತಾನೇ ಕಂಡುಕೊಳ್ಳುತ್ತದೆ. ಇನ್ನು ಕೆಲವಕ್ಕೆ ತಿಳಿದವರೊಬ್ಬರು ಬೇಕೇ ಬೇಕು. ರೆಸ್ನಿಕ್ ತಮ್ಮ ಬರಹಗಳಲ್ಲಿ ಹೇಳುವ ಒಂದು ಪ್ರಸಂಗ ಇದನ್ನು ಬಹಳ ಚೆನ್ನಾಗಿ ತೋರಿಸುತ್ತದೆ. ಕ್ಲಬ್‌ಹೌಸಿನ ಹುಡುಗನೊಬ್ಬ ಸ್ಕ್ರ್ಯಾಚ್‌ನಲ್ಲಿ ಆಟವೊಂದನ್ನು ಮಾಡುತ್ತಿದ್ದ. ಆಟಗಾರನಿಗೆ ಎಷ್ಟು ಅಂಕ ಬಂತೆಂದು ತೋರಿಸಬೇಕೆಂಬುದು ಅವನ ಆಸೆ, ಹೇಗೆಂದು ತಿಳಿಯದು. ರೆಸ್ನಿಕ್ ಅವನಿಗೆ ವೇರಿಯಬಲ್ ಮಾಡುವುದನ್ನು ತೋರಿಸಿದರು. ಅದು ಏಕೆ ಬೇಕೆಂದು ಕೂಡಲೇ ಅರಿತ ಹುಡುಗ ಅವರ ಕೈಕುಲುಕಿ ಮತ್ತೆ ಮತ್ತೆ ಧನ್ಯವಾದ ಹೇಳಿದ. ಬೀಜಗಣಿತದ ತರಗತಿಯಲ್ಲಿ ಚರಾಕ್ಷರವನ್ನು ಕಲಿಸಿದ್ದಕ್ಕಾಗಿ ಎಷ್ಟು ಮಕ್ಕಳು ಶಿಕ್ಷಕರಿಗೆ ಹೀಗೆ ಕೃತಜ್ಞತೆ ಹೇಳುತ್ತಾರೆ ಎಂದು ಅವರು ಕೇಳುತ್ತಾರೆ. ನಾನು ಇದನ್ನು ಶಾಲೆಯ ಶಿಕ್ಷಕರ ಮೇಲಿನ ಟೀಕೆಯಾಗಿ ಓದುವುದಿಲ್ಲ. ನಲವತ್ತು ಮಕ್ಕಳಿಗೆ ಒಂದೇ ಗಳಿಗೆಯಲ್ಲಿ ಒಂದೇ ವಿಷಯದ ಅಗತ್ಯ ಹುಟ್ಟಿಸುವುದು ಯಾವ ಶಿಕ್ಷಕರಿಂದಲೂ ಸಾಧ್ಯವಿಲ್ಲ. ಅಗತ್ಯ ಹುಟ್ಟುವ ಗಳಿಗೆ ಮಗುವಿನಿಂದ ಮಗುವಿಗೆ ಬೇರೆಯಾಗಿರಲು ಎಡೆಯಿರುವ ಜಾಗ ನಿಮ್ಮ ಕೋಣೆ.

ಆದ್ದರಿಂದ ನೀವು ಗೌರವಧನ ಕೊಟ್ಟು ನೇಮಿಸುವ ವ್ಯಕ್ತಿಗೆ ಎಂಜಿನಿಯರಿಂಗ್ ಪದವಿ ಇರಲೇಬೇಕೆಂದು ಹಟ ಹಿಡಿಯಬೇಡಿ. ಡಿಪ್ಲೊಮಾ ಓದಿದ ಊರಿನ ಯುವತಿ, ಐಟಿಐ ಮುಗಿಸಿದ ಯುವಕ, ನಿವೃತ್ತ ಚಿತ್ರಕಲಾ ಶಿಕ್ಷಕರು, ಯಾರಾದರೂ ಆಗಬಹುದು. ಆದರೆ ಅವರಿಗೆ ಎರಡು ಗುಣಗಳಿರಬೇಕು. ಮಗುವಿನ ಕೈಯಿಂದ ವಸ್ತುವನ್ನು ಕಸಿದು ತಾವೇ ಸರಿಮಾಡಿ ಕೊಡುವ ಚಪಲವನ್ನು ಅವರು ತಡೆದುಕೊಳ್ಳಬೇಕು, ಮತ್ತು ತಮಗೆ ಗೊತ್ತಿಲ್ಲದ್ದನ್ನು ಮಗುವಿನ ಜೊತೆಗೇ ಕುಳಿತು ಹುಡುಕಲು ಸಿದ್ಧರಿರಬೇಕು. ಮೊದಲನೆಯದು ಹೇಳಿದಷ್ಟು ಸುಲಭವಲ್ಲ. ಪ್ರದರ್ಶನದ ದಿನ ಹತ್ತಿರ ಬಂದಾಗ, ಪಾಲಕರು ನೋಡಲು ಬರುತ್ತಾರೆಂಬ ಆತಂಕದಲ್ಲಿ, ಒಳ್ಳೆಯವರೂ ಮಗುವಿನ ಸೊಟ್ಟ ಮನೆಯನ್ನು ನೆಟ್ಟಗೆ ಮಾಡಿಬಿಡುತ್ತಾರೆ. ಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆ ಅಪ್ಪ ಅಮ್ಮ ರಾತ್ರಿಯೆಲ್ಲ ಕುಳಿತು ಥರ್ಮೋಕೋಲ್ ಜ್ವಾಲಾಮುಖಿ ಮಾಡಿಕೊಡುವ ರೂಢಿ ನಮ್ಮಲ್ಲಿದೆ; ಅದು ನಿಮ್ಮ ಕೋಣೆಯೊಳಗೆ ಕಾಲಿಡದಂತೆ ನೋಡಿಕೊಳ್ಳಿ. ನೀವು ನೇಮಿಸಿದವರ ಜೊತೆಗೆ ಊರಿನ ಬಡಿಗೇರರು, ವೈರ್‌ಮನ್, ದರ್ಜಿ, ಸೈಕಲ್ ರಿಪೇರಿಯವರು ವಾರಕ್ಕೊಮ್ಮೆ ಬಂದು ಪಾಠ ಮಾಡದೆ ತಮ್ಮದೇ ಕೆಲಸವನ್ನು ಅಲ್ಲಿ ಕುಳಿತು ಮಾಡಲಿ. ಮಕ್ಕಳು ಸುತ್ತ ಸೇರುತ್ತಾರೆ, ಕೇಳುತ್ತಾರೆ.

ಆಟದ ಚಿಂತೆಗೆ ಬರೋಣ. ಮಕ್ಕಳು ಮೊದಲ ವಾರಗಳಲ್ಲಿ ಆಟ ಆಡಲು ಬಯಸುತ್ತಾರೆ, ಯೂಟ್ಯೂಬ್ ನೋಡಲು ಬಯಸುತ್ತಾರೆ. ನಿಷೇಧದ ಫಲಕ ಹಾಕುವ ಬದಲು ಒಂದೇ ನಿಯಮವಿರಲಿ: ಇಲ್ಲಿ ನಾವೇ ಮಾಡಿದ ಆಟವನ್ನು ಆಡಬಹುದು, ನಾವು ಮಾಡುತ್ತಿರುವ ಕೆಲಸಕ್ಕೆ ಬೇಕಾದ ವೀಡಿಯೊ ನೋಡಬಹುದು. ಸ್ಕ್ರ್ಯಾಚ್ ಒಮ್ಮೆ ಅಳವಡಿಸಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ, ಮಕ್ಕಳು ತಮ್ಮ ದನಿಯನ್ನೇ ಅದರಲ್ಲಿ ಧ್ವನಿಮುದ್ರಿಸಬಹುದು. ಹಾಗಾಗಿ ಅಜ್ಜಿ ಹೇಳಿದ ಕತೆಗೆ ನಿಮ್ಮ ಸೀಮೆಯ ಮಾತಿನಲ್ಲೇ ದನಿ ಕೊಟ್ಟು ಚಿತ್ರಗಳನ್ನು ಕುಣಿಸುವ ಮಗುವಿಗೆ ನಿಮ್ಮ ನೆಟ್‌ವರ್ಕಿನ ತೊಂದರೆ ಅಡ್ಡ ಬರುವುದಿಲ್ಲ. ಇನ್ನೊಬ್ಬರದನ್ನು ನೋಡಿ ಮಾಡಿದರೆ ನಕಲು ಎಂದು ಗದರಬೇಡಿ. ಹಾಗೆ ಆರಂಭಿಸುವುದು ಸಹಜ. ಎರಡನೆಯ ಬಾರಿ ಮಾಡುವಾಗ ಏನನ್ನು ಬದಲಿಸುತ್ತೀಯಾ ಎಂದು ಕೇಳಿ, ಅಷ್ಟೇ ಸಾಕು.

ಏನು ಮಾಡಲಿ ಎಂದು ತೋಚದೆ ಕೂರುವ ಮಗುವೂ ಇರುತ್ತದೆ, ಮತ್ತು ಶಾಲೆಯಲ್ಲಿ ಜಾಣ ಎನಿಸಿಕೊಂಡವರಲ್ಲೇ ಇಂಥವರು ಹೆಚ್ಚು, ಏಕೆಂದರೆ ಪ್ರಶ್ನೆಯನ್ನು ಯಾವಾಗಲೂ ಬೇರೆಯವರೇ ಕೊಟ್ಟಿರುತ್ತಾರೆ. ಅಂಥ ಮಗುವಿಗೆ ಪಟ್ಟಿ ಹಿಡಿಸಬೇಡಿ; ಮನೆಯಲ್ಲಿ ಯಾವುದು ಕಿರಿಕಿರಿ, ಯಾವುದು ಖುಷಿ ಎಂದು ಮಾತಿಗೆ ಎಳೆಯಿರಿ. ಕಣದಲ್ಲಿ ಒಣಗಲು ಹಾಕಿದ ಮೆಣಸಿನಕಾಯಿಗೆ ಮಳೆ ಬಂದರೆ ಏನು ಮಾಡುವುದು ಎಂಬುದು ನಿಮ್ಮ ಜಿಲ್ಲೆಯ ಮಗುವಿಗೆ ಯಾವ ರೋಬೋಟಿಗಿಂತಲೂ ಹತ್ತಿರದ ಸಮಸ್ಯೆ. ಎರಡು ತಂತಿಯ ನಡುವೆ ನೀರು ಬಿದ್ದಾಗ ಬಜರ್ ಕೂಗುವಂತೆ ಮಾಡುವ ಸರ್ಕಿಟ್ಟನ್ನು ಒಂದು ಟ್ರಾನ್ಸಿಸ್ಟರ್ ಮತ್ತು ಒಂದು ಬ್ಯಾಟರಿಯಿಂದ ಮಾಡಬಹುದು. ಮಹಾರಾಷ್ಟ್ರದ ಪಾಬಳ ಎಂಬ ಹಳ್ಳಿಯಲ್ಲಿ ಡಾ. ಎಸ್. ಎಸ್. ಕಲಬಾಗ್ 1983ರಲ್ಲಿ ಸ್ಥಾಪಿಸಿದ ವಿಜ್ಞಾನ ಆಶ್ರಮ ಇಂಥ ಊರಿನ ನಿಜವಾದ ಕೆಲಸಗಳನ್ನೇ ಕಲಿಕೆಯ ಆಧಾರವಾಗಿಸಿಕೊಂಡು ಬೆಳೆದ ಸಂಸ್ಥೆ. ಕಂಪ್ಯೂಟರ್ ನಿಯಂತ್ರಿತ ಯಂತ್ರಗಳಿಂದ ಜನರೇ ವಸ್ತುಗಳನ್ನು ಮಾಡಿಕೊಳ್ಳುವ ಕಾರ್ಯಾಗಾರಗಳ, ಎಂದರೆ ಎಂಐಟಿಯ ಫ್ಯಾಬ್ ಲ್ಯಾಬ್ ಯೋಜನೆ ಅಮೆರಿಕದ ಹೊರಗೆ ಮೊದಲು ಕಾಲಿಟ್ಟ ಜಾಗಗಳಲ್ಲಿ ಅದೂ ಒಂದು. ಸಾಧ್ಯವಾದರೆ ಸಂಘದ ಇಬ್ಬರು ಅಲ್ಲಿಗೆ ಹೋಗಿ ನೋಡಿ ಬನ್ನಿ.

ಹೆಣ್ಣುಮಕ್ಕಳ ವಿಷಯವನ್ನು ನೀವಾಗಿ ಕೇಳಿದ್ದು ನನಗೆ ಸಂತೋಷ ತಂದಿತು. ಬಾಗಿಲು ಎಲ್ಲರಿಗೂ ತೆರೆದಿದೆ ಎಂದಷ್ಟೇ ಹೇಳಿ ಕುಳಿತರೆ ಕೆಲವು ತಿಂಗಳಲ್ಲಿ ಕೋಣೆ ತುಂಬ ಗಂಡುಹುಡುಗರೇ ಇರುತ್ತಾರೆ, ಕಂಪ್ಯೂಟರುಗಳನ್ನು ದೊಡ್ಡ ಹುಡುಗರು ಹಿಡಿದು ಕೂರುತ್ತಾರೆ. ಬಾಸ್ಟನ್ನಿನಲ್ಲಿಯೂ ಇದೇ ಸಮಸ್ಯೆ ಎದುರಾಗಿ, ಹುಡುಗಿಯರಿಗೇ ಮೀಸಲಾದ ದಿನವನ್ನು ಇಡಬೇಕಾಯಿತು. ನೀವು ಆರಂಭದಿಂದಲೇ ವಾರಕ್ಕೆ ಒಂದು ದಿನವನ್ನು ಹಾಗೆ ಇಡಿ, ಅಂದು ಮಹಿಳೆಯೊಬ್ಬರೇ ಕೋಣೆಯ ಹೊಣೆ ಹೊರಲಿ. ಬಳಸಬಹುದಾದ ಶೌಚಾಲಯವಿರಬೇಕು, ನೀರಿರಬೇಕು. ಕತ್ತಲಾಗುವ ಮೊದಲು ಮನೆ ಸೇರುವಂತೆ ಸಮಯವಿರಬೇಕು. ಚಳಿಗಾಲದಲ್ಲಿ ಅದಕ್ಕಾಗಿ ಅರ್ಧ ಗಂಟೆ ಬೇಗ ಮುಚ್ಚಬೇಕಾದರೂ ಸರಿ. ತಮ್ಮನನ್ನೋ ತಂಗಿಯನ್ನೋ ನೋಡಿಕೊಳ್ಳುವ ಹೊಣೆಯಿರುವ ಹುಡುಗಿ ಅವರನ್ನೂ ಕರೆತರಲಿ. ಐದನೆಯ ತರಗತಿಯ ಮಿತಿಯನ್ನು ಅವಳ ಮಟ್ಟಿಗೆ ಸಡಿಲಿಸಿ.

ಪಾಲಕರಿಗೆ ಅಂಕ ಹೆಚ್ಚುತ್ತದೆಂಬ ಭರವಸೆ ಕೊಡಬೇಡಿ. ಕೊಟ್ಟರೆ ಮುಂದಿನ ಪರೀಕ್ಷೆಯ ಫಲಿತಾಂಶದ ದಿನ ನಿಮ್ಮ ಕೋಣೆ ಖಾಲಿಯಾಗುತ್ತದೆ. ಬದಲಿಗೆ ಎರಡು ತಿಂಗಳಿಗೊಮ್ಮೆ ಸಂತೆಯ ದಿನ ಪಾಲಕರನ್ನು ಕೋಣೆಗೆ ಕರೆಯಿರಿ. ಭಾಷಣ ಬೇಡ, ಮೈಕ್ ಬೇಡ, ಪ್ರತಿ ಮಗುವೂ ತನ್ನ ವಸ್ತುವಿನ ಪಕ್ಕ ನಿಂತು, ಇದು ಹೇಗೆ ಕೆಟ್ಟಿತ್ತು, ತಾನು ಏನು ಮಾಡಿದೆ ಎಂದು ಹೇಳಲಿ. ಹತ್ತನೆಯ ತರಗತಿಯವರ ಟ್ಯೂಷನ್ನಿಗೆ ಬೇಕಾದರೆ ಬೆಳಗಿನ ಹೊತ್ತಿನಲ್ಲಿ ಅದೇ ಕೋಣೆಯನ್ನು ಬಿಟ್ಟುಕೊಡಿ, ಸಂಜೆಯ ಹೊತ್ತನ್ನು ಬಿಟ್ಟುಕೊಡಬೇಡಿ.

ಪ್ರಥಮ, ದ್ವಿತೀಯ ಬಹುಮಾನಗಳನ್ನು ಇಡಲೇಬೇಡಿ ಎಂದು ನಾನು ಒತ್ತಿ ಹೇಳುತ್ತೇನೆ. 1973ರಲ್ಲಿ ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಎಂಬ ಮನೋವಿಜ್ಞಾನಿಗಳು ಪ್ರಕಟಿಸಿದ ಪ್ರಯೋಗದಲ್ಲಿ, ಬಣ್ಣದ ಪೆನ್ನಿನಿಂದ ಚಿತ್ರ ಬಿಡಿಸುವುದನ್ನು ತಾವಾಗಿಯೇ ಇಷ್ಟಪಡುತ್ತಿದ್ದ ಶಿಶುವಿಹಾರದ ಕೆಲವು ಮಕ್ಕಳಿಗೆ, ಬಿಡಿಸಿದರೆ ಪ್ರಮಾಣಪತ್ರ ಕೊಡುತ್ತೇವೆಂದು ಮೊದಲೇ ಹೇಳಿ ಬಿಡಿಸಲಾಯಿತು. ಕೆಲವು ದಿನಗಳ ಬಳಿಕ ಬಿಡುವಿನ ವೇಳೆಯಲ್ಲಿ ನೋಡಿದಾಗ, ಬಹುಮಾನದ ಮಾತನ್ನೇ ಕೇಳಿರದ ಮಕ್ಕಳಿಗಿಂತ ಈ ಮಕ್ಕಳು ಪೆನ್ನು ಹಿಡಿಯುವುದು ಕಡಿಮೆಯಾಗಿತ್ತು. ಇಷ್ಟದಿಂದ ಮಾಡುತ್ತಿದ್ದ ಕೆಲಸ ಬಹುಮಾನಕ್ಕಾಗಿ ಮಾಡುವ ಕೆಲಸವಾಗಿ ಮಾರ್ಪಟ್ಟಿತ್ತು. ನಿಮ್ಮ ಮಕ್ಕಳು ದಿನವಿಡೀ ಅಂಕಗಳ ನಡುವೆ ಇದ್ದು ಬಂದಿರುತ್ತಾರೆ.

ಸರ್ಕಾರಿ ನೆರವಿನ ಬಗ್ಗೆಯೂ ಎರಡು ಮಾತು. ಕೇಂದ್ರ ಸರ್ಕಾರ 2016ರಲ್ಲಿ ಆರಂಭಿಸಿದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯಲ್ಲಿ 6ರಿಂದ 12ನೆಯ ತರಗತಿಯ ಮಕ್ಕಳಿಗಾಗಿ ಆಯ್ದ ಶಾಲೆಗಳಿಗೆ 20 ಲಕ್ಷ ರೂಪಾಯಿವರೆಗೆ ಅನುದಾನ ದೊರೆತಿದೆ. ಅದು ಶಾಲೆಗಳಿಗೆ ಮಾತ್ರ ಸಲ್ಲುವ ಯೋಜನೆ, ನಿಮ್ಮ ಸಂಘಕ್ಕೆ ನೇರವಾಗಿ ಸಿಗದು. ಆದರೆ ಹತ್ತಿರದ ಯಾವ ಪ್ರೌಢಶಾಲೆಯಲ್ಲಿ ಅಂಥ ಲ್ಯಾಬ್ ಇದೆಯೆಂದು ವಿಚಾರಿಸಿ, ಮುಖ್ಯೋಪಾಧ್ಯಾಯರನ್ನೂ ಎಸ್‌ಡಿಎಂಸಿಯವರನ್ನೂ ಕಂಡು, ತಿಂಗಳಿಗೊಂದು ಶನಿವಾರ ನಿಮ್ಮ ಮಕ್ಕಳಿಗೆ ಅವಕಾಶ ಕೊಡುವಂತೆ ಕೇಳಿ. ದಾನಿಗಳು ಬಯಸಿದ ತ್ರೀಡಿ ಪ್ರಿಂಟರ್ ಅಲ್ಲಿಯೇ ಇರುವ ಸಂಭವ ಹೆಚ್ಚು. ನಿಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯದೊಂದಿಗೆ ನಂಟು ಬೆಳೆಸಿಕೊಳ್ಳಿ. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಹಳ್ಳಿಯ ಮಕ್ಕಳು ಗ್ರಂಥಾಲಯದ ಉಚಿತ ಸದಸ್ಯರಾದರು. ಪುಸ್ತಕ ಓದಿ ಬಂದ ಮಗುವಿಗೆ ಮಾಡಿ ನೋಡಲು ಜಾಗವೂ, ಮಾಡುತ್ತ ತಡವರಿಸಿದ ಮಗುವಿಗೆ ಹುಡುಕಲು ಪುಸ್ತಕವೂ ಒಂದೇ ಬೀದಿಯಲ್ಲಿ ಸಿಗುವಂತಾದರೆ ಎರಡಕ್ಕೂ ಬಲ.

ಕೊನೆಯದಾಗಿ ಶುಲ್ಕ. ಪಡೆಯಬೇಡಿ, ಹತ್ತು ರೂಪಾಯಿಯನ್ನೂ ಪಡೆಯಬೇಡಿ. ಶುಲ್ಕ ಕೊಟ್ಟ ಪಾಲಕರಿಗೆ ತಿಂಗಳ ಕೊನೆಗೆ ಕಣ್ಣಿಗೆ ಕಾಣುವ ಫಲ ಕೇಳುವ ಹಕ್ಕು ಬರುತ್ತದೆ, ಆಗ ನೀವು ಪಠ್ಯಕ್ರಮದ ಕಡೆಗೇ ಜಾರುತ್ತೀರಿ. ಅದಕ್ಕಿಂತ ಮುಖ್ಯವಾಗಿ, ಕೂಲಿಗೆ ಹೋಗುವವರ ಮಕ್ಕಳು ಬಾಗಿಲಿನಿಂದಲೇ ಹಿಂತಿರುಗುತ್ತಾರೆ. ಹಣದ ಬದಲು ಕೆಲಸ ಕೇಳಿ. ಕಸ ಗುಡಿಸುವುದು, ಉಪಕರಣಗಳನ್ನು ಎಣಿಸಿ ಇಡುವುದು, ಹೊಸದಾಗಿ ಬಂದ ಮಗುವಿನ ಜೊತೆ ಮೊದಲ ವಾರ ಕೂರುವುದು ಎಲ್ಲ ಮಕ್ಕಳಿಗೂ ಸರದಿಯಂತೆ ಬರಲಿ, ಆ ಸರದಿಯ ಪಟ್ಟಿಯನ್ನು ಮಕ್ಕಳೇ ಬರೆಯಲಿ. ಎರಡು ಲಕ್ಷ ಮುಗಿಯುವ ಮೊದಲೇ, ಎಂದರೆ ಎಂಟನೆಯ ತಿಂಗಳಿನ ಹೊತ್ತಿಗೆ, ಮುಂದಿನ ವರ್ಷದ ಗೌರವಧನಕ್ಕಾಗಿ ಪಂಚಾಯಿತಿ, ಹಾಲು ಉತ್ಪಾದಕರ ಸಂಘ ಮತ್ತು ಊರು ಬಿಟ್ಟು ಹೋಗಿ ನೌಕರಿಯಲ್ಲಿರುವವರನ್ನು ಕೇಳಲು ಆರಂಭಿಸಿ. ಅವರ ಮುಂದಿಡಲು ಆ ಕಪಾಟಿನಲ್ಲಿರುವ ವಸ್ತುಗಳ ಫೋಟೊಗಳನ್ನೂ, ಅವುಗಳ ಬಗ್ಗೆ ಮಕ್ಕಳು ಸ್ವಂತ ಮಾತಿನಲ್ಲಿ ಬರೆದ ನಾಲ್ಕು ಸಾಲುಗಳನ್ನೂ ಮೊದಲ ದಿನದಿಂದಲೇ ಒಂದು ನೋಟ್‌ಬುಕ್ಕಿನಲ್ಲಿ ಅಂಟಿಸುತ್ತ ಬನ್ನಿ.